ರುದ್ರಪಟ್ಟಣ: ಒಂದು ಸಣ್ಣ ಹಳ್ಳಿಯಿಂದ ಇಷ್ಟೊಂದು ಸಂಗೀತ ವಿದ್ವಾಂಸರು ಹೇಗೆ ಬಂದರು?

ಕರ್ನಾಟಕ ಸಂಗೀತದ ಕಛೇರಿಗಳಿಗೆ ಹೋಗುವ ಅಭ್ಯಾಸ ಇದ್ದವರು ಒಂದು ವಿಷಯ ಗಮನಿಸಿರುತ್ತೀರಿ. ಆರ್.ಕೆ. ಶ್ರೀಕಂಠನ್, ಆರ್.ಕೆ. ವೆಂಕಟರಾಮಶಾಸ್ತ್ರಿ, ಆರ್.ಕೆ. ಪದ್ಮನಾಭ, ಆರ್.ಕೆ. ಸೂರ್ಯನಾರಾಯಣ, ಆರ್.ಎನ್. ದೊರೆಸ್ವಾಮಿ, ಆರ್.ಎನ್. ತ್ಯಾಗರಾಜನ್, ಆರ್.ಎನ್. ತಾರಾನಾಥನ್. ಹಾಡುಗಾರರು, ಪಿಟೀಲಿನವರು, ವೈಣಿಕರು, ಎಲ್ಲರೂ ಇದ್ದಾರೆ. ಎಲ್ಲರ ಹೆಸರಿನ ಮೊದಲ 'ಆರ್' ಮಾತ್ರ ಒಂದೇ. ರುದ್ರಪಟ್ಟಣ.

ಊರು ಇರುವುದು ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ಮೇಲೆ. ರಾಮನಾಥಪುರದ ಸುಬ್ರಹ್ಮಣ್ಯ ದೇವಸ್ಥಾನಕ್ಕೆ ಹೋದವರಿಗೆ ಆ ಕಡೆಯ ಹೆಸರುಗಳೆಲ್ಲ ಗೊತ್ತಿರುತ್ತವೆ: ಕೊಣನೂರು, ಬಸವಾಪಟ್ಟಣ, ಕೇರಳಾಪುರ, ಕಟ್ಟೇಪುರ. ನಾಲೆ ನೀರು ಸಿಗುವಲ್ಲಿ ಗದ್ದೆ, ತೆಂಗು. ಸಿಗದ ಕಡೆ ಹೊಗೆಸೊಪ್ಪು. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ, ಹರಾಜು ನಡೆಯುವ ಕಾಲದಲ್ಲಿ ಸುತ್ತಮುತ್ತಲ ಹಳ್ಳಿಗಳ ಮಾತೆಲ್ಲ ಬೇಲು ಮತ್ತು ರೇಟಿನ ಸುತ್ತಲೇ. ಅಂದರೆ ಇದು ಯಾವ ರೀತಿಯಿಂದಲೂ 'ಸಂಗೀತದ ಪ್ರದೇಶ' ಅಂತ ಅನಿಸುವ ಜಾಗ ಅಲ್ಲ. ಸಾಮಾನ್ಯ ರೈತಾಪಿ ಸೀಮೆ.

ಹಾಗಾದರೆ ಈ ಒಂದು ಹಳ್ಳಿಯಲ್ಲಿ ಏನಾಯಿತು? ಇದನ್ನು ಒಂದು ಪ್ರಕರಣದ ಥರ ಇಟ್ಟುಕೊಂಡು ನೋಡೋಣ. ಜನ ಕೊಡುವ ಉತ್ತರಗಳು ಯಾವುವು, ಅವು ನಿಲ್ಲುತ್ತವೆಯೇ, ನಿಲ್ಲದಿದ್ದರೆ ನಿಜವಾದ ಕಾರಣ ಎಲ್ಲಿ ಸಿಗುತ್ತದೆ?

ಮೊದಲ ಉತ್ತರ, ನೀರು

'ಕಾವೇರಿ ನೀರಿನ ಗುಣ' ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಕೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಇದೇ ನೀರನ್ನು ಕೊಣನೂರಿನವರೂ ಕುಡಿಯುತ್ತಾರೆ, ಚುಂಚನಕಟ್ಟೆಯವರೂ ಕುಡಿಯುತ್ತಾರೆ. ಅಲ್ಲೆಲ್ಲ ಹೀಗೆ ಸಾಲಾಗಿ ವಿದ್ವಾಂಸರು ಬರಲಿಲ್ಲ. ಈ ಉತ್ತರವನ್ನು ಇಲ್ಲಿಗೇ ಬಿಡಬಹುದು.

ಎರಡನೇ ಉತ್ತರ, ರಕ್ತ

ಇದು ಸ್ವಲ್ಪ ಗಟ್ಟಿ ಉತ್ತರ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸಂಗೀತದ ಮನೆಗಳವರು ಸಂಕೇತಿ ಬ್ರಾಹ್ಮಣರು. 'ಸಂಕೇತಿಗಳಿಗೆ ಸಂಗೀತ ಹುಟ್ಟಿನಿಂದಲೇ ಬರುತ್ತೆ' ಅಂತ ಹೇಳುವವರು ಸಂಕೇತಿಗಳಲ್ಲೂ ಇದ್ದಾರೆ, ಹೊರಗಿನವರಲ್ಲೂ ಇದ್ದಾರೆ.

ಸಂಕೇತಿಗಳದ್ದು ವಲಸೆಯ ಕತೆ. ಮೂಲ ಶೆಂಗೋಟೈ ಸೀಮೆ. ಈಗ ಅದು ತಮಿಳುನಾಡಿನ ತೆಂಕಾಶಿ ಜಿಲ್ಲೆ, 1956ರ ತನಕ ತಿರುವಾಂಕೂರಿಗೆ (1949ರ ಮೇಲೆ ತಿರುವಾಂಕೂರು-ಕೊಚ್ಚಿಗೆ) ಸೇರಿತ್ತು. ಅವರ ಮನೆಮಾತಿಗೆ ತಮಿಳಿನ ಬುಡ, ಮಲಯಾಳದ ವಾಸನೆ, ಮೇಲೆ ದಟ್ಟವಾಗಿ ಕನ್ನಡ. ಪ್ರತ್ಯೇಕ ಲಿಪಿ ಇಲ್ಲ, ಬರೆಯಬೇಕಾದರೆ ಕನ್ನಡದಲ್ಲೇ ಬರೆಯುತ್ತಾರೆ. ವಲಸೆಗೆ ಕಾರಣವಾಗಿ ಹೇಳುವುದು ನಾಚಾರಮ್ಮನ ಕತೆ. ಓದು, ಭಕ್ತಿ ಎರಡೂ ಇದ್ದ ಹೆಣ್ಣುಮಗಳು. ಊರಿನವರು ಅವಳಿಗೆ ಅವಮಾನ ಮಾಡಿದರು, ಅವಳು ಊರು ಬಿಟ್ಟು ಉತ್ತರಕ್ಕೆ ಹೊರಟಳು, ಅವಳನ್ನು ನಂಬಿದ ಮನೆಗಳು ಹಿಂದೆಯೇ ಹೊರಟವು. ವಿವರಗಳು ಮನೆಯಿಂದ ಮನೆಗೆ ಬದಲಾಗುತ್ತವೆ, ನಾಚಾರಮ್ಮ ಮಾತ್ರ ಎಲ್ಲ ಕತೆಯಲ್ಲೂ ಇದ್ದಾಳೆ. ಹಾಗೆ ಬಂದವರಲ್ಲಿ ಕೆಲವರು ಹಾಸನದ ಹತ್ತಿರ ಕೌಶಿಕದಲ್ಲಿ, ಕೆಲವರು ಪಿರಿಯಾಪಟ್ಟಣದ ಕಡೆ ಬೆಟ್ಟದಪುರದಲ್ಲಿ ನೆಲೆ ನಿಂತರು. ಕೌಶಿಕ ಸಂಕೇತಿ, ಬೆಟ್ಟದಪುರ ಸಂಕೇತಿ ಅನ್ನುವ ಹೆಸರುಗಳು ಅಲ್ಲಿಂದ ಬಂದವು.

ಈಗ ಕೇಳಿ. ಶಿವಮೊಗ್ಗದ ಹತ್ತಿರ ತುಂಗೆಯ ಎರಡು ದಡದಲ್ಲಿ ಮತ್ತೂರು, ಹೊಸಹಳ್ಳಿ ಅಂತ ಎರಡು ಊರುಗಳಿವೆ. ಅಲ್ಲೂ ಸಂಕೇತಿಗಳೇ. ಆದರೆ ಮತ್ತೂರು ಹೆಸರು ಮಾಡಿದ್ದು ಸಂಸ್ಕೃತ ಮತ್ತು ವೇದಪಾಠಕ್ಕೆ. ಹೊಸಹಳ್ಳಿ ಹೆಸರು ಮಾಡಿದ್ದು ಗಮಕಕ್ಕೆ, ಅಂದರೆ ಕುಮಾರವ್ಯಾಸ, ಲಕ್ಷ್ಮೀಶರ ಕಾವ್ಯವನ್ನು ರಾಗದಲ್ಲಿ ವಾಚಿಸುವ ಕಲೆಗೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ನೆನಪಿರಬಹುದು. ಒಂದೇ ಸಮುದಾಯ, ಒಂದೇ ಮನೆಮಾತು, ನದಿ ದಂಡೆಯ ಅಗ್ರಹಾರದ ಅದೇ ರೀತಿಯ ಬದುಕು. ಒಂದೂರು ವೇದಕ್ಕೆ, ಒಂದೂರು ಕಾವ್ಯಕ್ಕೆ, ಒಂದೂರು ಕಛೇರಿ ಸಂಗೀತಕ್ಕೆ. ರಕ್ತವೇ ಕಾರಣ ಆಗಿದ್ದರೆ ಮೂರೂ ಊರಿಗೆ ಒಂದೇ ಗೀಳು ಹಿಡಿಯಬೇಕಿತ್ತು ಅಲ್ವಾ?

ಅರಕಲಗೂಡು ತಾಲ್ಲೂಕಿನಲ್ಲೇ ಇನ್ನೊಂದು ಸಾಕ್ಷಿ ಇದೆ. ಹೆಸರಾಂತ ವೈಣಿಕ ಮೈಸೂರು ವಿ. ದೊರೆಸ್ವಾಮಿ ಅಯ್ಯಂಗಾರ್ ಹುಟ್ಟಿದ್ದು ಇದೇ ತಾಲ್ಲೂಕಿನ ಗಡ್ಡವಳ್ಳಿಯಲ್ಲಿ, 1920ರಲ್ಲಿ. ಅವರು ಸಂಕೇತಿ ಅಲ್ಲ. (ಇಲ್ಲಿ ಒಂದು ಗೊಂದಲ ಸದಾ ಆಗುತ್ತೆ. ಗಡ್ಡವಳ್ಳಿಯ ದೊರೆಸ್ವಾಮಿ ಅಯ್ಯಂಗಾರ್ ಬೇರೆ, ರುದ್ರಪಟ್ಟಣದ ಆರ್.ಎನ್. ದೊರೆಸ್ವಾಮಿ ಬೇರೆ. ಇಬ್ಬರೂ ವೀಣೆ, ಇಬ್ಬರೂ ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರು, ಇಬ್ಬರೂ ಒಂದೇ ತಾಲ್ಲೂಕು. ತಪ್ಪು ಮಾಡುವವರನ್ನು ಬೈಯುವ ಹಾಗೂ ಇಲ್ಲ.)

ರಕ್ತದ ಮಾತಿಗೆ ಇನ್ನೊಂದು ತೊಡಕು ಕಾಲದ್ದು. 'ತಮಿಳು ಸೀಮೆಯಿಂದ ಬರುವಾಗಲೇ ಸಂಗೀತ ತಂದರು' ಅನ್ನುವವರಿದ್ದಾರೆ. ಆದರೆ ಇವತ್ತು ನಾವು ಕಛೇರಿಯಲ್ಲಿ ಕೇಳುವ ಕೃತಿಗಳಲ್ಲಿ ಬಹುಪಾಲು ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಾಶಾಸ್ತ್ರಿಗಳದ್ದು. ತ್ಯಾಗರಾಜರು ಹುಟ್ಟಿದ್ದೇ 1767ರಲ್ಲಿ. ಸಂಕೇತಿಗಳು ಅದಕ್ಕೆ ಎಷ್ಟೋ ಮುಂಚೆ ಕನ್ನಡ ನಾಡಿನಲ್ಲಿ ನೆಲೆಸಿ, ಜಮೀನು ಮಾಡಿ, ತಲೆಮಾರುಗಳು ಕಳೆದಿದ್ದವು. ಅವರ ಬುತ್ತಿಯಲ್ಲಿ ಈ ಕೃತಿಗಳು ಇರಲು ಸಾಧ್ಯವೇ ಇಲ್ಲ. ಅವು ಬೇರೆ ದಾರಿಯಿಂದ ಬರಬೇಕು.

ಕೃತಿಗಳು ಬಂದ ದಾರಿ

ಆ ದಾರಿ ಮೈಸೂರಿನದ್ದು.

ತ್ಯಾಗರಾಜರ ನೇರ ಶಿಷ್ಯರಲ್ಲಿ ವಾಲಾಜಾಪೇಟೆ ವೆಂಕಟರಮಣ ಭಾಗವತರು ಒಬ್ಬರು. ಅವರ ಶಿಷ್ಯರು ಮೈಸೂರು ಸದಾಶಿವರಾಯರು. 19ನೇ ಶತಮಾನದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸದಾಶಿವರಾಯರು ಮೈಸೂರು ಆಸ್ಥಾನಕ್ಕೆ ಬಂದರು. ಅವರಿಂದ ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣನಂಥವರಿಗೆ ಪಾಠ ಆಯಿತು. ಇನ್ನೊಂದು ಕಡೆ ಕೃತಿಗಳನ್ನು ರಚಿಸಿ ಹೆಸರಾದ ಮೈಸೂರು ವಾಸುದೇವಾಚಾರ್ಯರು ಮಹಾರಾಜರ ನೆರವಿನಿಂದ ತಿರುವೈಯಾರಿಗೆ ಹೋಗಿ ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಕಲಿತು ವಾಪಸ್ ಬಂದರು. ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲೇ ಕೂತು ಪಿಟೀಲು ಚೌಡಯ್ಯನಂಥ ಶಿಷ್ಯರನ್ನು ತಯಾರು ಮಾಡಿದರು, ದಾಸರ ಪದಗಳನ್ನು ಕಛೇರಿಯಲ್ಲಿ ಗೌರವದ ಜಾಗಕ್ಕೆ ತಂದರು. ಹೀಗೆ 1900ರ ಹೊತ್ತಿಗೆ ಮೈಸೂರು ಅಂದರೆ ಸಂಗೀತದ ದೊಡ್ಡ ಸಂತೆ. ದಸರಾ ಬಂದರೆ ದಕ್ಷಿಣದ ಎಲ್ಲ ಕಡೆಯಿಂದ ವಿದ್ವಾಂಸರು ಅಲ್ಲಿಗೆ ಬರುತ್ತಿದ್ದರು.

ರುದ್ರಪಟ್ಟಣದಿಂದ ಮೈಸೂರು ಈಗ ಬಸ್ಸಿನಲ್ಲಿ ಅರ್ಧ ದಿನದೊಳಗೆ ಮುಗಿಯುವ ದಾರಿ. ಆಗ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಹೋಗಬೇಕಿತ್ತು, ಆದರೂ ಹೋಗಿಬರಲಾಗದಷ್ಟು ದೂರ ಏನಲ್ಲ. ಮದುವೆ ಸಂಬಂಧ, ಸಂಸ್ಕೃತ ಪಾಠಶಾಲೆ, ಆಮೇಲೆ ಇಂಗ್ಲಿಷ್ ಸ್ಕೂಲು, ಕಾಲೇಜು, ಎಲ್ಲದಕ್ಕೂ ಆ ಸೀಮೆಯವರು ನೋಡುತ್ತಿದ್ದದ್ದು ಮೈಸೂರಿನ ಕಡೆಗೇ. ಸಂಗೀತವೂ ಅದೇ ದಾರಿಯಲ್ಲಿ ಬಂದಿರಬೇಕು ಅನ್ನುವುದು ನನ್ನ ಊಹೆ.

ಸರಿ, ಮೈಸೂರಿನ ಸುತ್ತ ಇಂಥ ಹಳ್ಳಿಗಳು ನೂರಾರು ಇದ್ದವು. ರುದ್ರಪಟ್ಟಣವೇ ಯಾಕೆ?

ಮನೆಯೇ ಪಾಠಶಾಲೆ

ನನಗೆ ಕಾಣುವ ಉತ್ತರ ತುಂಬಾ ಸಾದಾ. ಆ ಊರಿನಲ್ಲಿ ಕೆಲವು ಮನೆಗಳು ಪಾಠ ಹೇಳುವ ಮನೆಗಳಾಗಿದ್ದವು. ಪಾಠ ಒಂದು ತಲೆಮಾರಿಗೆ ನಿಲ್ಲದೆ ಎರಡು ಮೂರು ತಲೆಮಾರು ನಡೆಯಿತು. ಅಷ್ಟಾದರೆ ಮಿಕ್ಕಿದ್ದು ತಾನಾಗಿ ಆಗುತ್ತದೆ.

ಆರ್.ಕೆ. ಶ್ರೀಕಂಠನ್ ಅವರ ಮನೆಯನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1920ರ ಜನವರಿ 14, ಸಂಕ್ರಾಂತಿ ಹೊತ್ತಿಗೆ. ತಂದೆ ಕೃಷ್ಣಶಾಸ್ತ್ರಿಗಳು ಸಂಸ್ಕೃತ, ಕನ್ನಡ ಎರಡರಲ್ಲೂ ಪಂಡಿತರು, ಹಾಡುತ್ತಿದ್ದರು, ಹರಿಕಥೆ ಮಾಡುತ್ತಿದ್ದರು. ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಶ್ರೀಕಂಠನ್ ಅವರಿಗೆ ಮುಖ್ಯ ಗುರು ಈ ಅಣ್ಣನೇ. ಇನ್ನಿಬ್ಬರು ಸೋದರರು ನಾರಾಯಣಸ್ವಾಮಿ ಮತ್ತು ರಾಮನಾಥನ್ ಹಾಡುಗಾರರು. ನಾರಾಯಣಸ್ವಾಮಿಗಳ ಮಕ್ಕಳೇ ತ್ಯಾಗರಾಜನ್ ಮತ್ತು ತಾರಾನಾಥನ್, 'ರುದ್ರಪಟ್ಟಣಂ ಸೋದರರು' ಅಂತ ಹೆಸರಾದ ಜೋಡಿ. ಶ್ರೀಕಂಠನ್ ಅವರ ಮಗ ರಮಾಕಾಂತ್ ಕೂಡ ಹಾಡುಗಾರರೇ. ಇದು ಒಂದು ಮನೆಯ ಲೆಕ್ಕ ಅಷ್ಟೇ.

ಇದರಲ್ಲಿ ಹರಿಕಥೆಯ ಪಾತ್ರವನ್ನು ಜನ ಕಡೆಗಣಿಸುತ್ತಾರೆ ಅಂತ ನನಗೆ ಅನಿಸುತ್ತದೆ. ಹರಿಕಥೆ ಮಾಡುವವರಿಗೆ ರಾಗ ಗೊತ್ತಿದ್ದರೆ ಸಾಲದು. ಕತೆ ಹೇಳಬೇಕು, ಶ್ಲೋಕ ಬಿಡಿಸಬೇಕು, ದಾಸರ ಪದ ಹಾಡಬೇಕು, ಕೊನೇ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತ ಅಜ್ಜಿಗೂ ಮಾತು ಅರ್ಥ ಆಗಬೇಕು. ಮೈಕ್ ಇಲ್ಲದ ಕಾಲ ಬೇರೆ. ಅಂಥ ಅಪ್ಪನ ಮನೆಯಲ್ಲಿ ಬೆಳೆದ ಹುಡುಗನಿಗೆ ಮಾತಿನ ಉಚ್ಚಾರಣೆ ನುಂಗಿ ಹಾಡುವುದು ತಪ್ಪು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಶ್ರೀಕಂಠನ್ ಅವರ ಹಾಡುಗಾರಿಕೆಯಲ್ಲಿ ಎಲ್ಲರೂ ಮೊದಲು ಹೇಳುವ ಗುಣ ಇದೇ: ಸಾಹಿತ್ಯದ ಒಂದೊಂದು ಅಕ್ಷರ ಸ್ಪಷ್ಟ, ಪದ ಎಲ್ಲೆಂದರಲ್ಲಿ ಮುರಿಯುವುದಿಲ್ಲ. ತೊಂಬತ್ತು ದಾಟಿದ ಮೇಲಿನ ಕಛೇರಿಗಳ ರೆಕಾರ್ಡಿಂಗ್ ಸಿಗುತ್ತವೆ, ಕೇಳಿ ನೋಡಿ. ದನಿಗೆ ವಯಸ್ಸಾಗಿದೆ, ಮಾತಿಗೆ ಆಗಿಲ್ಲ.

ಮನೆಪಾಠ ಅಂದರೆ ಏನು ಅಂತ ಇವತ್ತು ಕ್ಲಾಸಿಗೆ ಫೀಸು ಕಟ್ಟಿ ಕಲಿಯುವವರಿಗೆ ಸ್ವಲ್ಪ ವಿವರಿಸಬೇಕು. ಪುರಂದರದಾಸರು ಹಾಕಿಕೊಟ್ಟ ಕ್ರಮ ಅಂತ ನಾವೆಲ್ಲ ನಂಬಿರುವ ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದಲ್ಲಿ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಮಲಹರಿಯಲ್ಲಿ ಪಿಳ್ಳಾರಿ ಗೀತೆ, ಆಮೇಲೆ ವರ್ಣ, ಕೃತಿ. ಮೊದಲ ವರಸೆಯನ್ನು ಆದಿತಾಳದಲ್ಲಿ ಹಾಡಬೇಕು: ತೊಡೆಯ ಮೇಲೆ ಒಂದು ತಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ತಟ್ಟಿ ಬೀಸು, ತಟ್ಟಿ ಬೀಸು. ಅದೇ ವರಸೆ ಎರಡನೇ ಕಾಲದಲ್ಲಿ, ಮತ್ತೆ ಮೂರನೇ ಕಾಲದಲ್ಲಿ. ಸ್ವರ ಓಡಬೇಕು, ಕೈ ಓಡಬಾರದು. ಮಕ್ಕಳಿಗೆ ಕಷ್ಟ ಆಗುವುದು ಇಲ್ಲೇ. ಹಾಡು ಜೋರಾದ ಹಾಗೆ ತಾಳವೂ ಜೋರಾಗಿಬಿಡುತ್ತೆ.

ಕ್ಲಾಸಿನಲ್ಲಿ ಇದನ್ನು ತಿದ್ದಲು ವಾರಕ್ಕೆ ಒಂದೋ ಎರಡೋ ಗಂಟೆ ಸಿಗುತ್ತದೆ. ಸಂಗೀತದ ಮನೆಯಲ್ಲಿ ತಿದ್ದುವವರು ಇಡೀ ದಿನ ಇರುತ್ತಾರೆ. ಹುಡುಗ ಜಗಲಿಯಲ್ಲಿ ಕೂತು ಸಾಧನೆ ಮಾಡುತ್ತಿದ್ದರೆ, ಒಳಗೆ ಪೂಜೆಗೆ ಹೂವು ಬಿಡಿಸುತ್ತಿರುವ ಅಜ್ಜ ಅಲ್ಲಿಂದಲೇ 'ಗಾಂಧಾರ ಇಳೀತು ನೋಡೋ' ಅನ್ನುತ್ತಾರೆ. ಅಡುಗೆಮನೆಯಿಂದ ಅಮ್ಮ ಸರಿಯಾದ ಸ್ವರ ಹಾಡಿ ತೋರಿಸುತ್ತಾಳೆ. ಪಕ್ಕದ ಮನೆಯಲ್ಲೂ ಅದೇ ವರಸೆ ನಡೆಯುತ್ತಿರುತ್ತದೆ, ಅವನು ಮೂರನೇ ಕಾಲಕ್ಕೆ ಹೋಗಿದ್ದಾನೆ ಅಂತ ಇವನಿಗೆ ಹೊಟ್ಟೆಕಿಚ್ಚು. ರಾಮನವಮಿ ಬಂತು ಅಂದರೆ ಹತ್ತು ಜನರ ಮುಂದೆ ಹಾಡಲೇಬೇಕು, ಮನೆಗೆ ಬಂದ ನೆಂಟರ ಮುಂದೆ ಹಾಡಲೇಬೇಕು. ಹೀಗೆ ಹನ್ನೆರಡು ವರ್ಷದ ಹುಡುಗನ ಕಿವಿಗೆ ಬಿದ್ದಿರುವ ಸಂಗೀತ, ಪೇಟೆಯಲ್ಲಿ ಕ್ಲಾಸಿಗೆ ಹೋಗಿ ಕಲಿತವನಿಗೆ ಮೂವತ್ತಕ್ಕೂ ಸಿಗುವುದು ಕಷ್ಟ. ಇಂಥ ಮನೆ ಒಂದೇ ಇದ್ದರೆ ಒಬ್ಬ ವಿದ್ವಾಂಸ. ಬೀದಿಯಲ್ಲಿ ನಾಲ್ಕೈದು ಇದ್ದರೆ ಊರಿಗೇ ಹೆಸರು.

ಮತ್ತೂರಿನಲ್ಲಿ ಇದೇ ಕೆಲಸ ವೇದಪಾಠದಲ್ಲಿ ಆಯಿತು, ಹೊಸಹಳ್ಳಿಯಲ್ಲಿ ಗಮಕದಲ್ಲಿ ಆಯಿತು. ಯಾವ ಪಾಠ ಹೇಳುವ ಮನೆ ಆ ಊರಿನಲ್ಲಿ ಮೊದಲು ಬೇರು ಬಿಟ್ಟಿತು ಅನ್ನುವುದರ ಮೇಲೆ ಊರಿನ ದಾರಿ ನಿರ್ಧಾರ ಆಯಿತು ಅಂತ ನನ್ನ ಓದು.

ಊರು ಬಿಟ್ಟಿದ್ದರಿಂದ ಉಳಿದ ಸಂಗೀತ

ಇಲ್ಲಿ ಪ್ರಕರಣ ಸ್ವಲ್ಪ ತಿರುವು ತೆಗೆದುಕೊಳ್ಳುತ್ತದೆ. ರುದ್ರಪಟ್ಟಣಕ್ಕೆ ಹೆಸರು ತಂದವರಲ್ಲಿ ಹೆಚ್ಚಿನವರು ತಮ್ಮ ಬದುಕಿನ ದೊಡ್ಡ ಪಾಲನ್ನು ರುದ್ರಪಟ್ಟಣದಲ್ಲಿ ಕಳೆಯಲಿಲ್ಲ. ಶ್ರೀಕಂಠನ್ ಬೆಳೆದು ಓದಿದ್ದು ಮೈಸೂರಿನಲ್ಲಿ, ಪದವಿ ಪಡೆದದ್ದು ಮೈಸೂರು ವಿಶ್ವವಿದ್ಯಾಲಯದಿಂದ. ಅರಿಯಾಕುಡಿ, ಮುಸಿರಿ, ಚೆಂಬೈ, ಸೆಮ್ಮಂಗುಡಿ ಅಂಥ ಆ ಕಾಲದ ದೊಡ್ಡ ಗಾಯಕರನ್ನೆಲ್ಲ ಕಣ್ಣೆದುರು ಕೇಳಿ ಕಲಿಯುವ ಅವಕಾಶ ಪೇಟೆಯಲ್ಲಿ ಸಿಕ್ಕಿತು. ಹಳ್ಳಿಯಲ್ಲೇ ಉಳಿದಿದ್ದರೆ ಇದು ಆಗುತ್ತಿರಲಿಲ್ಲ.

ಆಮೇಲೆ ರೇಡಿಯೋ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರೊಫೆಸರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಶುರು ಮಾಡಿದರು, ಅದೇ ಆಕಾಶವಾಣಿ. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಆಶ್ರಯ ನಿಧಾನವಾಗಿ ಕರಗಿತು, ಆಸ್ಥಾನ ವಿದ್ವಾನ್ ಅನ್ನುವುದು ಬಿರುದಾಗಿ ಉಳಿಯಿತೇ ಹೊರತು ಊಟಕ್ಕೆ ಆಗುವ ಸಂಬಳವಾಗಿ ಉಳಿಯಲಿಲ್ಲ. ಆ ಜಾಗಕ್ಕೆ ಬಂದಿದ್ದು ಆಕಾಶವಾಣಿ ಮತ್ತು ವಿಶ್ವವಿದ್ಯಾಲಯ. ಶ್ರೀಕಂಠನ್ ಆಕಾಶವಾಣಿಯಲ್ಲಿ ಸುಮಾರು ಮೂರು ದಶಕ ಕೆಲಸ ಮಾಡಿದರು, ಮೊದಲು ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ರೇಡಿಯೋದಲ್ಲಿ ಸಂಗೀತ ಪಾಠ ಹೇಳಿದರು. ಆರ್.ಎನ್. ದೊರೆಸ್ವಾಮಿ ಮೈಸೂರು ವಿಶ್ವವಿದ್ಯಾಲಯದಲ್ಲಿ ವೀಣೆ ಕಲಿಸಿದರು.

ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಳ್ಳಿಯ ಸಂಗೀತ ಪರಂಪರೆ ಅಂದ ಕೂಡಲೇ ನಾವು ತಂಬೂರಿ, ಹೊಳೆ, ಬೆಳಗಿನ ಮಂಜು ಅಂತ ಶುರು ಮಾಡಿಬಿಡುತ್ತೇವೆ. ತಿಂಗಳ ಕೊನೆಗೆ ಬರುವ ಸಂಬಳದ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಂಬಳ ಇದ್ದದ್ದರಿಂದ ಈ ವಿದ್ವಾಂಸರು ಕಛೇರಿಗಾಗಿ ಪಾಠಾಂತರ, ಅಂದರೆ ಗುರುವಿನಿಂದ ಕಲಿತ ರೂಪ, ಕೆಡಿಸಿಕೊಳ್ಳಬೇಕಾಗಲಿಲ್ಲ. ಚಪ್ಪಾಳೆಗೋಸ್ಕರ ಹಾಡುವ ಒತ್ತಡ ಕಡಿಮೆ ಇತ್ತು. ಶ್ರೀಕಂಠನ್ ಅವರ ಸಂಗೀತದಲ್ಲಿ 'ರಂಜನೆ ಕಡಿಮೆ, ಶಾಸ್ತ್ರ ಜಾಸ್ತಿ' ಅಂತ ದೂರುವವರೂ ಇದ್ದರು. ಇರಲಿ. ಅದೇ ಕಟ್ಟುನಿಟ್ಟಿಗೆ 1995ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಂತು, 2011ರಲ್ಲಿ ಪದ್ಮಭೂಷಣ ಬಂತು. 2014ರ ಫೆಬ್ರವರಿಯಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಎಂ.ಎಸ್. ಶೀಲಾ ಅವರಂಥ ಶಿಷ್ಯರು ತಾವೇ ಗುರುಗಳಾಗಿದ್ದರು. ಆ ಪಾಠ ಈಗ ನಡೆಯುತ್ತಿರುವುದು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಆನ್‌ಲೈನ್ ಮೂಲಕ ವಿದೇಶದಲ್ಲಿರುವ ಕನ್ನಡಿಗರ ಮಕ್ಕಳಿಗೆ. ಹೆಸರಿನ 'ಆರ್' ಮಾತ್ರ ರುದ್ರಪಟ್ಟಣದ್ದು.

ವಾಪಸ್ ಬಂದವರು

ಊರು ಬಿಟ್ಟವರು ಊರಿಗೆ ಏನು ಕೊಟ್ಟರು ಅನ್ನುವ ಪ್ರಶ್ನೆ ಬಂದಾಗ ಆರ್.ಕೆ. ಪದ್ಮನಾಭ ಅವರ ಹೆಸರು ಬರುತ್ತದೆ. ಬೆಂಗಳೂರಿನಲ್ಲಿ ಹೆಸರು ಮಾಡಿದ ಗಾಯಕರು, ನೂರಾರು ಜನರಿಗೆ ಕಲಿಸಿದ ಗುರು. 16ನೇ ಶತಮಾನದ ಸೋದೆಯ ವಾದಿರಾಜರ ರಚನೆಗಳನ್ನು ಕಛೇರಿಗೆ ತರಲು ತುಂಬಾ ದುಡಿದವರು. 2000ದ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ರುದ್ರಪಟ್ಟಣದಲ್ಲೇ ವರ್ಷಕ್ಕೊಮ್ಮೆ ಸಂಗೀತೋತ್ಸವ ಶುರುವಾಯಿತು. ಪೇಟೆಯ ಸಭಾಗಳಲ್ಲಿ ಹಾಡುವ ಕಲಾವಿದರು ಹಳ್ಳಿಗೆ ಬಂದು ಹಾಡುವುದು, ಪೇಟೆಯ ರಸಿಕರು ಅವರ ಹಿಂದೆ ಬರುವುದು, ಒಂದಷ್ಟು ದಿನ ಊರು ತುಂಬುವುದು.

ಅದೇ ದಶಕದಲ್ಲಿ ಸಪ್ತಸ್ವರ ದೇವತಾ ಧ್ಯಾನ ಮಂದಿರವೂ ಎದ್ದಿತು. ಇಡೀ ಕಟ್ಟಡ ನೆಟ್ಟಗೆ ನಿಲ್ಲಿಸಿದ ತಂಬೂರಿಯ ಆಕಾರದಲ್ಲಿದೆ. ಕೆಳಗೆ ಬುರುಡೆ, ಮೇಲಕ್ಕೆ ದಂಡಿ. ಒಳಗೆ ಸರಸ್ವತಿ, ಅವಳ ಜೊತೆಗೆ ದಾಸರು ಮತ್ತು ಸಂಗೀತದ ತ್ರಿಮೂರ್ತಿಗಳು, ಅಂದರೆ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು. ವಾಗ್ಗೇಯಕಾರರನ್ನೇ, ಅಂದರೆ ಹಾಡು ಕಟ್ಟಿದವರನ್ನೇ, ದೇವರ ಸಾಲಿನಲ್ಲಿ ಕೂರಿಸಿದ್ದಾರೆ, ಅದೂ ಕನ್ನಡದ ದಾಸರನ್ನೂ ತಂಜಾವೂರು ಸೀಮೆಯ ತ್ರಿಮೂರ್ತಿಗಳನ್ನೂ ಒಂದೇ ಸೂರಿನ ಕೆಳಗೆ. ಈ ಊರಿನ ಸಂಗೀತ ನಿಜವಾಗಿ ಹಾಗೇ ಬೆಳೆದದ್ದು, ಆ ಲೆಕ್ಕದಲ್ಲಿ ಸರಿಯಾದ ಆಯ್ಕೆ.

ಕಟ್ಟಡದ ಬಗ್ಗೆ ನನಗೆ ಎರಡು ಮನಸ್ಸು. ನೋಡಿದವರು ಫೋಟೋ ತೆಗೆದುಕೊಳ್ಳುತ್ತಾರೆ, ಊರಿಗೊಂದು ಗುರುತಾಗಿದೆ, ಹಾಸನ ಜಿಲ್ಲೆಗೆ ಬರುವ ಪ್ರವಾಸಿಗರು ಬೇಲೂರು ಹಳೇಬೀಡು ಮುಗಿಸಿ ಇತ್ತ ತಿರುಗಲು ಒಂದು ನೆಪ ಸಿಕ್ಕಿದೆ. ಒಳ್ಳೆಯದೇ. ಆದರೆ ಮೇಲೆ ಹೇಳಿದ ಲೆಕ್ಕ ಸರಿ ಅಂತಾದರೆ, ಈ ಊರಿನ ಸಂಗೀತವನ್ನು ಬೆಳೆಸಿದ್ದು ದಿನಾ ತಪ್ಪು ತಿದ್ದುವ ಒಂದು ಕಿವಿ. ಉತ್ಸವ ಎಷ್ಟೇ ದೊಡ್ಡದಾಗಲಿ, ವರ್ಷದ ಕೆಲವೇ ದಿನದ್ದು. ಅದು ಮುಗಿದ ಮಾರನೇ ದಿನ ಬೆಳಗ್ಗೆ ಊರಿನ ಮಗುವಿಗೆ ಸರಳೆ ವರಸೆ ಯಾರು ಹೇಳಿಕೊಡುತ್ತಾರೆ ಅನ್ನುವುದರ ಮೇಲೆ ಮುಂದಿನದ್ದು ನಿಂತಿದೆ.

ಪಟ್ಟಿಯಲ್ಲಿ ಇಲ್ಲದವರು

ಮೊದಲ ಪ್ಯಾರಾದಲ್ಲಿ ನಾನು ಬರೆದ ಹೆಸರುಗಳನ್ನು ಇನ್ನೊಮ್ಮೆ ನೋಡಿ. ಒಂದೂ ಹೆಣ್ಣಿನ ಹೆಸರಲ್ಲ. ರುದ್ರಪಟ್ಟಣದ ಬಗ್ಗೆ ಯಾರು ಬರೆದರೂ ಪಟ್ಟಿ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಆದರೆ ಮಗುವಿನ ಕಿವಿಗೆ ಮೊದಲು ಸಂಗೀತ ಬೀಳುವುದು ಯಾರ ಬಾಯಿಂದ? ಬೆಳಗ್ಗೆ ಬಾಗಿಲು ಸಾರಿಸುವಾಗಿನ ಹಾಡು, ದೇವರ ಮುಂದೆ ಆರತಿ ಹಾಡು, ಹಸೆಗೆ ಕರೆಯುವ ಹಾಡು, ಉರುಟಣೆಯಲ್ಲಿ ಬೀಗರನ್ನು ಗೇಲಿ ಮಾಡುವ ಹಾಡು, ತೊಟ್ಟಿಲು ಶಾಸ್ತ್ರದ ಹಾಡು. ಇವನ್ನು ಹೆಂಗಸರು ಯಾವ ಪುಸ್ತಕವೂ ಇಲ್ಲದೆ ಬಾಯಿಪಾಠದಲ್ಲಿ ಹಾಡುತ್ತಾರೆ. ಸಂಕೇತಿ ಮನೆಗಳಲ್ಲಿ ಕನ್ನಡದ್ದೂ ಸಂಕೇತಿಯದ್ದೂ ಎರಡೂ ಇವೆ. ಹಲವು ಹಾಡು ಸ್ಪಷ್ಟವಾಗಿ ರಾಗದಲ್ಲೇ ಇರುತ್ತವೆ. ಹಾಡುವವರಿಗೆ ರಾಗದ ಹೆಸರು ಬೇಕಾಗಿಲ್ಲ. ಹುಡುಗನಿಗೆ ಐದನೇ ವಯಸ್ಸಿನಲ್ಲಿ ಗುರುಗಳು ಪಾಠ ಶುರು ಮಾಡುವ ಹೊತ್ತಿಗೆ ಆನಂದಭೈರವಿಯೋ ಸೌರಾಷ್ಟ್ರವೋ ಅವನ ತಲೆಯಲ್ಲಿ ಆಗಲೇ ಕೂತಿರುತ್ತದೆ. ಕೂರಿಸಿದವರು ಅಮ್ಮ, ಅಜ್ಜಿ, ಸೋದರತ್ತೆ. ಅವರಿಗೆ ಕಛೇರಿಯ ವೇದಿಕೆ ಹತ್ತುವುದು ಆ ಕಾಲದಲ್ಲಿ ಮನೆತನದ ಮರ್ಯಾದೆಯ ಪ್ರಶ್ನೆ ಆಗಿತ್ತು, ಹಾಗಾಗಿ ಹೆಸರು ಉಳಿಯಲಿಲ್ಲ.

ಇನ್ನೊಂದು ಮಾತೂ ಇದೆ, ಹೇಳದೆ ಹೋದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. 'ಸಂಗೀತಗ್ರಾಮ' ಅಂತ ಕರೆಯುವಾಗ ನಾವು ಅಗ್ರಹಾರದ ಬೀದಿಯನ್ನು ಮಾತ್ರ ಎಣಿಸುತ್ತೇವೆ. ಆ ಸೀಮೆಯ ಬೇರೆ ಬೀದಿಗಳಲ್ಲಿ ಸೋಬಾನೆ ಪದ ಇದೆ, ಕೋಲಾಟ ಇದೆ, ರಾತ್ರಿಯೆಲ್ಲ ನಡೆಯುವ ಭಜನೆ ಇದೆ, ಮದುವೆಗೆ ಜಾತ್ರೆಗೆ ಓಲಗ ಊದುವವರು, ತಮಟೆ ಬಾರಿಸುವವರು ಇದ್ದಾರೆ. ದೇವರ ಉತ್ಸವ ಹೊರಡುವಾಗ ರಾಗ ನುಡಿಸುವುದು ನಾಗಸ್ವರದವರೇ ತಾನೆ? ಕಛೇರಿ ಸಂಗೀತಕ್ಕೆ ರಾಗ ಆಲಾಪನೆಯಲ್ಲಿ ನಾಗಸ್ವರ ಎಷ್ಟು ಕೊಟ್ಟಿದೆ ಅಂತ ದೊಡ್ಡ ವಿದ್ವಾಂಸರೇ ಒಪ್ಪಿಕೊಂಡಿದ್ದಾರೆ. ಆದರೂ ಊರಿನ ಸಂಗೀತದ ಇತಿಹಾಸ ಬರೆಯುವಾಗ ಓಲಗದವರಿಗೆ ಒಂದು ಸಾಲು ಸಿಗುವುದೂ ಕಷ್ಟ. ಕಲಿಯುವ ಅವಕಾಶ ಜಾತಿಯ ಗೆರೆಯೊಳಗೇ ಇತ್ತು ಅನ್ನುವುದು ಈ ಪ್ರಕರಣದ ಒಂದು ಭಾಗ. ಪಾಠದ ಮನೆಗಳು ಪಕ್ಕದ ಬೀದಿಯ ಮಕ್ಕಳಿಗೂ ತೆರೆದಿದ್ದರೆ ಎಷ್ಟು ಜನ ಬರುತ್ತಿದ್ದರೋ.

ಈಗ ಏನು ಮಾಡಬಹುದು

ಅಗ್ರಹಾರದ ಮನೆಗಳ ಹೊಸ ತಲೆಮಾರು ಬೆಂಗಳೂರು, ಮೈಸೂರು, ಅಮೆರಿಕ ಅಂತ ಹೋಗಿದೆ. ಹಳೆಯ ರೀತಿಯ ಮನೆಪಾಠ ಊರಿನಲ್ಲಿ ತಾನಾಗಿ ಮರಳುವುದಿಲ್ಲ, ಅದನ್ನು ಬಯಸುವುದೂ ಸುಮ್ನೆ. ಆದರೆ ದಿನಾ ತಿದ್ದುವ ಕಿವಿಯನ್ನು ಬೇರೆ ರೀತಿಯಲ್ಲಿ ತರಬಹುದು. ಸರ್ಕಾರಿ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ, ಎಲ್ಲ ಬೀದಿಯ ಮಕ್ಕಳಿಗೆ, ಒಬ್ಬ ಸಂಬಳದ ಸಂಗೀತ ಮೇಷ್ಟ್ರು. ಒಂದು ಶ್ರುತಿಪೆಟ್ಟಿಗೆ. ಉತ್ಸವದ ಒಂದು ದಿನದ ಶಾಮಿಯಾನ, ಮೈಕ್‌ಸೆಟ್ಟು, ಊಟದ ಖರ್ಚನ್ನು ಹೀಗೆ ತಿರುಗಿಸಿದರೂ ಬಹಳ ದೂರ ಹೋಗುತ್ತದೆ ಅಂತ ನನ್ನ ಅಂದಾಜು. ಉತ್ಸವ ನಿಲ್ಲಿಸಿ ಅಂತ ಹೇಳುತ್ತಿಲ್ಲ, ಉತ್ಸವದ ಬೆಳಗಿನ ಕಛೇರಿಯಲ್ಲಿ ಆ ಶಾಲೆಯ ಮಕ್ಕಳು ಕೂತು ಪಿಳ್ಳಾರಿ ಗೀತೆ ಹಾಡುವ ಹಾಗಾಗಲಿ.

ಎರಡನೆಯದು ಇನ್ನೂ ತುರ್ತಿನದು. ಎಪ್ಪತ್ತು ಎಂಬತ್ತು ದಾಟಿದ ಹೆಂಗಸರ ಬಾಯಲ್ಲಿರುವ ಹಾಡುಗಳನ್ನು ಈಗಲೇ ರೆಕಾರ್ಡ್ ಮಾಡಬೇಕು, ಅಗ್ರಹಾರದವರದ್ದು ಮಾತ್ರ ಅಲ್ಲ, ಸೋಬಾನೆಯವರದ್ದೂ ಓಲಗದವರ ಮನೆಯದ್ದೂ. ಸ್ಟುಡಿಯೋ ಬೇಡ, ಫೋನ್ ಸಾಕು. ಫ್ಯಾನು, ಮಿಕ್ಸಿ, ಟಿವಿ ಆಫ್ ಮಾಡಿಸಿ, ಒಂದು ಹಾಡಿಗೆ ಒಂದು ಫೈಲು ಅಂತ ಇಟ್ಟುಕೊಳ್ಳಿ. ಹಾಡು ಶುರುವಾಗುವ ಮುಂಚೆ ಹಾಡುವವರೇ ತಮ್ಮ ಹೆಸರು, ತವರೂರು, ಯಾರಿಂದ ಕಲಿತದ್ದು, ಯಾವ ಶಾಸ್ತ್ರದಲ್ಲಿ ಹಾಡುವುದು ಅಂತ ಹೇಳಲಿ, ಅದೂ ಅದೇ ಫೈಲಿನಲ್ಲಿ ಇರಲಿ. ಬೇರೆ ಕಡೆ ಬರೆದಿಟ್ಟ ಚೀಟಿ ಕಳೆದುಹೋಗುತ್ತದೆ. ನಡುವೆ ಸಾಲು ಮರೆತರೆ ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತ ಓರಗಿತ್ತಿ ನೆನಪಿಸಿಕೊಡುತ್ತಾಳೆ, ಆ ಮಾತುಕತೆಯೂ ರೆಕಾರ್ಡ್ ಆಗಲಿ.